ಗಂಡುಹುಡುಗರ ಹೈಸ್ಕೂಲಿನಲ್ಲಿ ನಾವಿಬ್ಬರು

ಆಗಿನ್ನೂ ಚಾಮರಾಜಪೇಟೆಯಲ್ಲಿ ನಮ್ಮ ಹೈಸ್ಕೂಲಿನ ಗಂಟೆ ಮೂರು ರಸ್ತೆಗಳಾಚೆಗೂ ಕೇಳಿಸುತ್ತಿತ್ತು. ಗಂಟೆಯೆಂದರೆ ನಿಜವಾದ ಗಂಟೆಯಲ್ಲ, ವರಾಂಡದ ತೊಲೆಗೆ ಸರಪಳಿಯಲ್ಲಿ ತೂಗುಹಾಕಿದ್ದ ರೈಲು ಕಂಬಿಯ ತುಂಡು. ಅದನ್ನು ಬಾರಿಸಿದರೆಂದರೆ ಸುತ್ತಲಿನ ವಠಾರಗಳ ಹೆಂಗಸರು ಗಡಿಯಾರ ನೋಡದೆ ಅನ್ನಕ್ಕೆ ಇಡುತ್ತಿದ್ದರು. ತೊಂಬತ್ತರ ದಶಕದ ನಡುವಿನ ಮಾತು. ಮನೆಮನೆಗೂ ಟೀವಿ ಬಂದಿತ್ತು, ಫೋನು ಮಾತ್ರ ಇನ್ನೂ ಬೀದಿಗೊಂದು. ಆ ಸ್ಕೂಲಿನಲ್ಲಿ ಓದಿದವರು ಈಗಲೂ ಬೆಂಗಳೂರಿನ ತುಂಬ ಇದ್ದಾರೆ. ಮದುವೆ ಮನೆಗಳಲ್ಲಿ ಸಿಕ್ಕಾಗ ಹೆಗಲ ಮೇಲೆ ಕೈಹಾಕಿಕೊಂಡು ‘ನಮ್ಮ ಬ್ಯಾಚು’ ಎಂದು ನಗುತ್ತಾರೆ. ನಾನೂ ಅಲ್ಲೇ ಓದಿದವಳು. ಆದರೆ ನನಗೆ ಬ್ಯಾಚು ಅಂತ ಇರಲಿಲ್ಲ. ಎಂಟನೇ ಕ್ಲಾಸಿನಲ್ಲಿ ಅರವತ್ತೊಂದು ಹುಡುಗರು, ನಾನೊಬ್ಬಳು ಹುಡುಗಿ.

ಅಪ್ಪ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಚಿಂತಾಮಣಿಯಿಂದ ಬೆಂಗಳೂರಿಗೆ ವರ್ಗವಾದದ್ದು ಆಗಸ್ಟಿನಲ್ಲಿ. ಶ್ರೀನಗರದಲ್ಲಿ ಎರಡು ಕೋಣೆಯ ಮನೆ ಸಿಕ್ಕಿತು, ನನಗೆ ಸ್ಕೂಲು ಸಿಗಲಿಲ್ಲ. ಹೆಣ್ಣುಮಕ್ಕಳ ಶಾಲೆಗಳಲ್ಲೆಲ್ಲ ಜೂನ್‌ನಲ್ಲೇ ಸೀಟು ತುಂಬಿಹೋಗಿತ್ತು. ಒಂದು ಕಡೆ ಬಾಗಿಲಲ್ಲೇ ನಿಲ್ಲಿಸಿ, “ಮುಂದಿನ್ ವರ್ಷ ಬನ್ನಿ” ಎಂದು ಕಳಿಸಿದರು. ಅಮ್ಮ, “ಒಂದ್ ವರ್ಷ ಮನೇಲಿರ್ಲಿ ಬಿಡ್ರೀ, ಏನೀಗ?” ಎಂದಳು. ಅಪ್ಪ ಮರುದಿನ ಬೆಳಿಗ್ಗೆ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ನನ್ನನ್ನು ಸೈಕಲ್ಲಿನ ಹಿಂದೆ ಕೂರಿಸಿಕೊಂಡು ಚಾಮರಾಜಪೇಟೆಗೆ ಹೊರಟರು.

ಕಲ್ಲಿನ ದೊಡ್ಡ ಕಟ್ಟಡ. ಕೆಂಪು ಗಾರೆಯ ನೆಲ, ತಲೆಯೆತ್ತಿ ನೋಡಿದರೆ ಕತ್ತು ನೋಯುವಷ್ಟು ಎತ್ತರದ ಸೂರು, ಅಲ್ಲಿಂದ ಉದ್ದನೆಯ ಕೋಲಿಗೆ ನೇತುಬಿದ್ದ ಫ್ಯಾನುಗಳು. ಸೂರಿನ ಸಂದಿಯಲ್ಲಿ ಪಾರಿವಾಳ. ಹಳೇ ಮೈಸೂರು ಸರ್ಕಾರದ ಕಾಲದಲ್ಲಿ, ಇಂಗ್ಲಿಷ್ ದೊರೆಗಳು ಮೇಲುಸ್ತುವಾರಿ ನೋಡುತ್ತಿದ್ದಾಗ ಕಟ್ಟಿಸಿದ್ದಂತೆ. ಹೆಡ್ಮಾಸ್ಟರ ಕೋಣೆಗೆ ಹೋಗುವ ದಾರಿಯ ಹಾಲಿನಲ್ಲಿ ಹಿಂದಿನ ಹೆಡ್ಮಾಸ್ಟರುಗಳ ಪಟಗಳು ಸಾಲಾಗಿದ್ದವು. ಮೊದಲ ಮೂರು ಮೀಸೆಯ ಬಿಳಿಯರು, ಆಮೇಲಿನವು ಪೇಟ ಮತ್ತು ಮುಚ್ಚುಕೋಟಿನವರು, ಆಮೇಲೆ ಕನ್ನಡಕದವರು. ತೇಗದ ಹಲಗೆಯ ಮೇಲೆ ಬಂಗಾರದ ಬಣ್ಣದಲ್ಲಿ, ಮೊದಲ ಸ್ಥಾನ ಪಡೆದವರ ಹೆಸರುಗಳು. ಅಷ್ಟೂ ಗಂಡು ಹೆಸರು. ನಾನು ಅಪ್ಪನ ಬೆರಳು ಬಿಡಲಿಲ್ಲ.

ಹೆಡ್ಮಾಸ್ಟರು ಕೆಂಚಯ್ಯನವರು ಅಪ್ಪನ ಮಾತು ಕೇಳಿ ಪೆನ್ನು ಕೆಳಗಿಟ್ಟರು.

“ಇದು ಬಾಯ್ಸ್ ಸ್ಕೂಲ್ ಕಣ್ರೀ.”

“ಹೊರಗಡೆ ಬೋರ್ಡಲ್ಲಿ ಹಂಗೇನೂ ಬರ್ದಿಲ್ವಲ್ಲ ಸಾರ್,” ಎಂದರು ಅಪ್ಪ. ಧೈರ್ಯದಿಂದ ಹೇಳಿದ್ದಲ್ಲ, ಬೇರೆ ದಾರಿ ಕಾಣದೆ ಹೇಳಿದ್ದು.

ಕೆಂಚಯ್ಯನವರು ಒಂದು ಕ್ಷಣ ಅಪ್ಪನನ್ನೇ ನೋಡಿದರು. ಆಮೇಲೆ ಎದ್ದು, ಗೋಡೆಯ ಬೀರುವಿನಿಂದ ಕೆಂಪು ಬಟ್ಟೆಯ ರಟ್ಟು ಹಾಕಿದ ಒಂದು ಪುಸ್ತಕ ತೆಗೆದು, ಪಂಚೆಯ ಅಂಚಿನಿಂದ ಧೂಳು ಒರೆಸಿದರು. ಸ್ಕೂಲು ಶುರುವಾದಾಗ ಮಾಡಿದ್ದ ನಿಯಮಗಳ ಪುಸ್ತಕ ಅದು. ಇಂಗ್ಲಿಷಿನಲ್ಲಿತ್ತು. ಅವರು ಬೆರಳಿಟ್ಟು ಸಾಲುಸಾಲಾಗಿ ಓದುತ್ತಾ ಹೋದರು. ನಾವು ನಿಂತೇ ಇದ್ದೆವು.

“ಪ್ಯೂಪಿಲ್ಸ್... ಪ್ಯೂಪಿಲ್ಸ್... ಎಲ್ಲಾ ಕಡೆನೂ ಪ್ಯೂಪಿಲ್ಸ್ ಅಂತಲೇ ಇದೆ. ಬಾಯ್ಸ್ ಅಂತ ಎಲ್ಲೂ ಇಲ್ಲ ನೋಡಿ. ಹುಡುಗಿ ಒಬ್ಳು ಬಂದು ಸೀಟು ಕೇಳ್ತಾಳೆ ಅಂತ ಆ ದೊರೆಗಳಿಗೆ ಹೊಳ್ದೇ ಇರ್ಲಿಲ್ಲ ಅನ್ಸುತ್ತೆ.” ಅವರಿಗೆ ನಗು ಬಂತು. ನನ್ನ ಕಡೆ ತಿರುಗಿ, “ನಿಂಗೆ ಹೆದ್ರಿಕೆ ಆಗಲ್ವೇನಮ್ಮಾ?” ಎಂದು ಕೇಳಿದರು.

“ಇಲ್ಲ ಸಾರ್,” ಎಂದೆ. ಸೈಕಲ್ಲಿನಲ್ಲಿ ವಾಪಸು ಬರುವಾಗ ಅಪ್ಪ ಸಿಳ್ಳೆ ಹಾಕುತ್ತಿದ್ದರು. ಹಿಂದೆ ಕೂತ ನಾನು ಅವರ ಅಂಗಿಯನ್ನು ಬಿಗಿಯಾಗಿ ಹಿಡಿದುಕೊಂಡಿದ್ದೆ.

ಸಮವಸ್ತ್ರ ಅಂದರೆ ಬಿಳಿ ಅಂಗಿ, ಖಾಕಿ ಚಡ್ಡಿ. ನನಗೆ ಖಾಕಿ ಲಂಗ ಹೊಲಿಸಬೇಕೆಂದು ತೀರ್ಮಾನವಾಯಿತು. ಟೈಲರ್ ಅಳತೆ ಟೇಪನ್ನು ಕೊರಳಿಗೆ ಹಾಕಿಕೊಂಡು ಅಪ್ಪನನ್ನು ನೋಡಿದ. “ಹೆಣ್ಮಗೀಗೆ ಖಾಕಿ ಲಂಗಾನಾ? ಏನ್ ಸ್ವಾಮಿ, ಪೊಲೀಸ್ ಡಿಪಾರ್ಟ್‌ಮೆಂಟಾ?” ಇಡೀ ಬೆಂಗಳೂರಿನಲ್ಲಿ ಖಾಕಿ ಲಂಗ ತೊಟ್ಟ ಹುಡುಗಿ ನಾನೊಬ್ಬಳೇ ಇದ್ದಿರಬೇಕು. ನಮ್ಮ ಬೀದಿಯ ಚಿಕ್ಕ ಮಕ್ಕಳು ನಾನು ಹೊರಟಾಗಲೆಲ್ಲ ಸಾಲಾಗಿ ನಿಂತು ಸೆಲ್ಯೂಟ್ ಹೊಡೆಯುತ್ತಿದ್ದವು.

ಹುಡುಗರು ನನ್ನನ್ನು ಚುಡಾಯಿಸುತ್ತಾರೆ ಎಂದು ಅಮ್ಮ ಹೆದರಿದ್ದಳು. ಚುಡಾಯಿಸಿದ್ದರೆ ಮನೆಗೆ ಬಂದು ಹೇಳಿಕೊಳ್ಳಲು ಏನಾದರೂ ಇರುತ್ತಿತ್ತು. ಅವರು ಏನೂ ಮಾಡಲಿಲ್ಲ. ನನ್ನ ಕಡೆ ನೋಡುತ್ತಲೇ ಇರಲಿಲ್ಲ. ಕಿಟಕಿಯ ಪಕ್ಕದಲ್ಲಿ ನನಗೊಂದು ಒಂಟಿ ಬೆಂಚು ಹಾಕಿಸಿದ್ದರು. ನನ್ನ ಪೆನ್ಸಿಲು ಉರುಳಿ ಅವರ ಬೆಂಚಿನ ಕೆಳಗೆ ಹೋದರೆ ಪೀರಿಯಡ್ಡು ಮುಗಿಯುವ ತನಕ ಅಲ್ಲೇ ಬಿದ್ದಿರುತ್ತಿತ್ತು. ಮೇಷ್ಟ್ರುಗಳು “ಏನ್ರೋ ಹುಡುಗ್ರಾ” ಎಂದು ಶುರುಮಾಡಿ, ನನ್ನನ್ನು ಕಂಡು ತಡೆದು, “ಮತ್ತೆ... ನೀನೂನಮ್ಮಾ” ಎನ್ನುತ್ತಿದ್ದರು. ಇಡೀ ಕ್ಲಾಸು ಆಗ ಮಾತ್ರ ಒಂದು ಸಲ ನನ್ನ ಕಡೆ ತಿರುಗುತ್ತಿತ್ತು.

ಹಳೇ ಡೆಸ್ಕುಗಳಲ್ಲಿ ಇಂಕಿನ ಕುಡಿಕೆ ಇಡಲು ಮಾಡಿದ್ದ ಗುಂಡಗಿನ ತೂತುಗಳಿದ್ದವು. ಕುಡಿಕೆಗಳ ಕಾಲ ಯಾವಾಗಲೋ ಮುಗಿದು, ಹುಡುಗರು ಅದರೊಳಗೆ ಕಡಲೆಕಾಯಿ ಸಿಪ್ಪೆ, ಹುಣಸೆಬೀಜ ತುಂಬಿಸಿದ್ದರು. ನನ್ನ ಡೆಸ್ಕಿನ ತೂತು ಖಾಲಿ. ಪಾಠ ಬೇಸರವಾದಾಗ ಅದರೊಳಗೆ ಬೆರಳು ತೂರಿಸಿಕೊಂಡು ಕೂರುತ್ತಿದ್ದೆ. ಪೀಟಿ ಪೀರಿಯಡ್ಡಿನಲ್ಲಿ ಮೇಷ್ಟ್ರು, “ನೀನು ಇವರ ಚಪ್ಪಲಿ ನೋಡ್ಕೊಳಮ್ಮಾ” ಎಂದರು. ಮೈದಾನದ ಅಂಚಿನ ಮಳೆಮರದ ಕೆಳಗೆ ಅರವತ್ತೊಂದು ಜೊತೆ ಚಪ್ಪಲಿಗಳ ನಡುವೆ ಕೂತು ಅವರು ಕಬಡ್ಡಿ ಆಡುವುದನ್ನು ನೋಡುತ್ತಿದ್ದೆ. ಯಾವ ಚಪ್ಪಲಿ ಯಾರದೆಂದು ತಿಂಗಳೊಳಗೆ ಬಾಯಿಪಾಠವಾಯಿತು. ಚಪ್ಪಲಿಯ ಒಡೆಯರಿಗೆ ನನ್ನ ಹೆಸರು ಗೊತ್ತಿತ್ತೋ ಇಲ್ಲವೋ.

ಸ್ಕೂಲಿನಲ್ಲಿ ಇದ್ದ ಇನ್ನೊಬ್ಬ ಹೆಂಗಸೆಂದರೆ ಹಿಂದಿ ಕಲಿಸುವ ರುಕ್ಮಿಣಿ ಮೇಡಂ. ಮಲ್ಲೇಶ್ವರದಿಂದ ಎರಡು ಬಸ್ಸು ಬದಲಾಯಿಸಿ ಬರುತ್ತಿದ್ದರು. ಸ್ಟಾಫ್ ರೂಮಿನ ಹಿಂದೆ ಅವರಿಗಾಗಿ ಇದ್ದ ಒಂದೇ ಒಂದು ಪಾಯಿಖಾನೆ, ಅದರ ಬೀಗದ ಕೈ ಅವರ ವ್ಯಾನಿಟಿ ಬ್ಯಾಗಿನಲ್ಲಿ. ಗಂಡು ಮೇಷ್ಟ್ರುಗಳೆಲ್ಲ ಕೂತ ಕೋಣೆಗೆ ಹೋಗಿ ಅದನ್ನು ಕೇಳಬೇಕು. “ಮತ್ತೆ ಬಂದ್ಯಾ?” ಎಂದು ಮೇಡಂ ಎರಡು ಬೆರಳಲ್ಲಿ ಹಿಡಿದು ಕೊಡುತ್ತಿದ್ದರು. ಅವರು ರಜೆ ಹಾಕಿದ ದಿನ ಅದೂ ಇಲ್ಲ. ಮನೆಗೆ ಓಡೋಣವೆಂದರೆ ಅರ್ಧ ಗಂಟೆಯ ನಡಿಗೆ. ನಾನು ಬೆಳಿಗ್ಗೆ ಏಳರಿಂದ ಸಂಜೆ ಐದರವರೆಗೆ ನೀರು ಕುಡಿಯದೆ ಇರುವುದನ್ನು ಕಲಿತೆ. ಅಮ್ಮ ತುಂಬಿ ಕೊಟ್ಟ ನೀರಿನ ಬಾಟಲಿಯನ್ನು ವಾಪಸು ಹೋಗುವಾಗ ದಾರಿಯ ಮರದ ಬುಡಕ್ಕೆ ಸುರಿದು ಖಾಲಿ ಮಾಡುತ್ತಿದ್ದೆ.

ದೀಪಾವಳಿ ಕಳೆದು ಸ್ಕೂಲು ಮತ್ತೆ ಶುರುವಾದ ಮೇಲೆ ಒಂದು ದಿನ ಕೆಂಚಯ್ಯನವರು ಗಣಿತದ ಪೀರಿಯಡ್ಡಿನ ನಡುವೆ ಒಬ್ಬ ಹುಡುಗಿಯನ್ನು ಕರೆದುಕೊಂಡು ಬಂದರು. ಎಣ್ಣೆ ಹಚ್ಚಿ ಬಿಗಿಯಾಗಿ ಹೆಣೆದು ಮಡಿಚಿ ಕಟ್ಟಿದ ಎರಡು ಜಡೆ, ಬೇರೆ ಯಾವುದೋ ಶಾಲೆಯ ಮಾಸಿದ ನೀಲಿ ಲಂಗ. ಹೆಸರು ನಾಗವೇಣಿ. ಮಾಗಡಿ ಕಡೆಯ ಹಳ್ಳಿಯವಳು. ತಂದೆ ತೀರಿಕೊಂಡ ಮೇಲೆ ತಾಯಿ ಅವಳನ್ನು ಕರೆದುಕೊಂಡು ಗುಟ್ಟಹಳ್ಳಿಯ ತಮ್ಮನ ಮನೆಗೆ ಬಂದಿದ್ದಳು. ಗಾಂಧಿ ಬಜಾರಿನ ಫುಟ್‌ಪಾತಿನಲ್ಲಿ ಸೊಪ್ಪು ಮಾರುತ್ತಿದ್ದಳು. “ಒಬ್ಳು ಇದಾಳೆ, ಇನ್ನೊಬ್ಳು ಬರ್ಲಿ,” ಎಂದು ಹೆಡ್ಮಾಸ್ಟರು ಸೇರಿಸಿಕೊಂಡರಂತೆ.

ಅವಳು ಸೀದಾ ಬಂದು ನನ್ನ ಪಕ್ಕ ಕೂತು, ಮೇಷ್ಟ್ರು ಹಲಗೆಯ ಕಡೆ ತಿರುಗಿದ್ದೇ ನನ್ನ ಕಿವಿಯ ಹತ್ತಿರ ಬಾಯಿ ತಂದಳು.

“ಏನೇ, ಇಲ್ಲೀಗಂಟ ನೀನೊಬ್ಳೇನಾ ಇದ್ದಿದ್ದು? ಅಯ್ಯೋ, ಹೆಂಗಿದ್ಯೇ ಇಷ್ಟ್ ದಿನ?”

ಯಾರೂ ಹಾಗೆ ಕೇಳಿರಲಿಲ್ಲ. ನನಗೆ ಅಳು ಒತ್ತರಿಸಿಕೊಂಡು ಬಂತು. ಪುಸ್ತಕ ಎತ್ತಿ ಮುಖಕ್ಕೆ ಅಡ್ಡ ಹಿಡಿದೆ. ಅವಳು ನನ್ನ ಬೆನ್ನ ಮೇಲೆ ಒಮ್ಮೆ ಕೈಯಾಡಿಸಿ, ಏನೂ ಆಗದವಳ ಹಾಗೆ ಲೆಕ್ಕ ಬರೆದುಕೊಳ್ಳತೊಡಗಿದಳು. ಅವಳ ಕೈಯಲ್ಲಿ ಕೊತ್ತಂಬರಿ ಸೊಪ್ಪಿನ ವಾಸನೆ. ಬೆಳಿಗ್ಗೆ ಸ್ಕೂಲಿಗೆ ಬರುವ ಮೊದಲು ತಾಯಿಯ ಜೊತೆ ಸೊಪ್ಪಿನ ಕಟ್ಟು ಕಟ್ಟಿ ಬರುತ್ತಿದ್ದಳೆಂದು ಆಮೇಲೆ ಗೊತ್ತಾಯಿತು.

ಆಮೇಲಿನ ದಿನಗಳು ಬೇರೆಯೇ ಆದವು. ಮಧ್ಯಾಹ್ನ ಹುಡುಗರೆಲ್ಲ ಮೈದಾನಕ್ಕೆ ಓಡಿದ ಮೇಲೆ ನಾವು ವರಾಂಡದಲ್ಲಿ ಕಾಲು ಚಾಚಿ ಕೂತು ಊಟದ ಡಬ್ಬಿ ಬಿಚ್ಚುತ್ತಿದ್ದೆವು. ಅವಳದು ರಾಗಿರೊಟ್ಟಿ, ಹುಚ್ಚೆಳ್ಳಿನ ಚಟ್ನಿ. ನನ್ನದು ಚಿತ್ರಾನ್ನ. ಅರ್ಧರ್ಧ ಬದಲಾಯಿಸಿಕೊಳ್ಳುತ್ತಿದ್ದೆವು. ಚಳಿ ಹೆಚ್ಚಿ ಅವರೆಕಾಯಿ ಬಂದಾಗ ಅಮ್ಮ ದಿನಾ ಒಂದಲ್ಲ ಒಂದು ನೆಪದಲ್ಲಿ ಅದನ್ನೇ ಹಾಕುತ್ತಿದ್ದಳು. ಸೊಗಡಿನ ಕಾಯಿ ಆರಿಸುವುದು ಹೇಗೆಂದು ನಾಗವೇಣಿ ಹೇಳಿಕೊಟ್ಟಳು. ಊಟವಾದ ಮೇಲೆ ಕೆಂಪು ನೆಲದ ಮೇಲೆ ಸೀಮೆಸುಣ್ಣದಿಂದ ಮನೆ ಬರೆದು ಕುಂಟೆಬಿಲ್ಲೆ. ಅಷ್ಟು ವರ್ಷಗಳಲ್ಲಿ ಆ ವರಾಂಡದಲ್ಲಿ ಕುಂಟೆಬಿಲ್ಲೆ ಆಡಿದವರು ನಾವೇ ಮೊದಲು ಎಂದು ನಾನಂದರೆ, “ಹಂಗಾರೆ ಚೆನ್ನಾಗ್ ಆಡೇ, ಗೆರೆ ತುಳೀಬ್ಯಾಡ,” ಎನ್ನುತ್ತಿದ್ದಳು.

ಪೀಟಿ ಮೇಷ್ಟ್ರು ಚಪ್ಪಲಿ ನೋಡಿಕೊಳ್ಳಲು ಹೇಳಿದಾಗ ಅವಳು ಕೂರಲಿಲ್ಲ. “ಚಪ್ಲಿ ಕಾಯಕ್ಕೆ ನಾವೇನ್ ದೇವಸ್ಥಾನದ್ ಮುಂದೆ ಕೂತಿದೀವಾ ಸಾರ್?” ಮೇಷ್ಟ್ರಿಗೆ ಸಿಟ್ಟು ಬರುವುದರೊಳಗೆ ನಗು ಬಂತು. ಎಲ್ಲಿಂದಲೋ ಒಂದು ರಬ್ಬರ್ ರಿಂಗು ಹುಡುಕಿಸಿ ಕೊಟ್ಟರು. ಮಳೆಮರದ ಕೆಳಗೆ ನಾವು ಅದನ್ನು ಎಸೆದು ಹಿಡಿಯುತ್ತಾ ಮೈಯೆಲ್ಲ ಬೆವರಿ ಕ್ಲಾಸಿಗೆ ಬರುತ್ತಿದ್ದೆವು.

ನಾನು ನೀರು ಕುಡಿಯದಿರುವುದನ್ನು ಅವಳು ಮೊದಲ ವಾರದಲ್ಲೇ ಕಂಡುಹಿಡಿದಳು. ಕಾರಣ ಕೇಳಿದಳು, ಹೇಳಿದೆ. ಆವತ್ತೇ ನನ್ನನ್ನು ಎಳೆದುಕೊಂಡು ಹೆಡ್ಮಾಸ್ಟರ ಕೋಣೆಗೆ ಹೋದಳು. “ಸಾರ್, ಮೇಡಂ ಹತ್ರ ಇರೋ ಬೀಗದ ಕೈ ನಮಗೂ ಒಂದು ಮಾಡಿಸ್ಕೊಡಿ. ಇವ್ಳು ದಿನಾ ನೀರೇ ಕುಡಿಯಲ್ಲ.” ನನಗೆ ನಾಚಿಕೆಯಿಂದ ನೆಲದೊಳಗೆ ಇಳಿದುಹೋಗುವಂತಾಯಿತು. ಕೆಂಚಯ್ಯನವರ ಮುಖ ಸಣ್ಣದಾಯಿತು. “ನಂಗೆ ಹೊಳೀಲೇ ಇಲ್ವಲ್ಲಮ್ಮಾ,” ಎಂದರು. ಎರಡು ದಿನದಲ್ಲಿ ಹೊಸ ಬೀಗದ ಕೈ ಬಂತು. ನಾಗವೇಣಿ ಅದನ್ನು ಕಪ್ಪು ದಾರಕ್ಕೆ ಕಟ್ಟಿ ಕೊರಳಿಗೆ ಹಾಕಿಕೊಂಡು, ನನ್ನ ಬಾಟಲಿಯ ಮುಚ್ಚಳ ತಾನೇ ತಿರುಗಿಸಿ ತೆಗೆದು ಕೊಟ್ಟಳು. “ಕುಡಿ ಈಗ.”

ಹೀಗೆ ಹನ್ನೊಂದು ವಾರ.

ಕ್ಲಾಸ್ ಮಾನಿಟರ್ ಶ್ರೀಧರ. ಕನ್ನಡಕದ, ಚೊಕ್ಕ ಬಟ್ಟೆಯ ಹುಡುಗ, ಎಲ್ಲದರಲ್ಲೂ ಮೊದಲು. ಜನವರಿಯ ಕೊನೆಯಲ್ಲಿ ಗಣಿತದ ಮೇಷ್ಟ್ರು ಬಾಯಿಲೆಕ್ಕದ ಪರೀಕ್ಷೆ ಮಾಡಿದರು. ಅವರು ಪ್ರಶ್ನೆ ಮುಗಿಸುವುದರೊಳಗೆ ನಾಗವೇಣಿ ಉತ್ತರ ಹೇಳಿಬಿಡುತ್ತಿದ್ದಳು. ಶ್ರೀಧರ ಎರಡನೆಯವನಾದ. ಮೇಷ್ಟ್ರು ಸುಮ್ಮನಿರಬಹುದಿತ್ತು. “ನೋಡೋ ಶ್ರೀಧರ, ಸೊಪ್ಪು ಮಾರೋರ ಹುಡುಗಿ ನಿನ್ನ ಸೋಲಿಸಿಬಿಟ್ಲಲ್ಲೋ,” ಎಂದರು. ಕ್ಲಾಸೆಲ್ಲ ಗೊಳ್ಳೆಂದು ನಕ್ಕಿತು. ನಾಗವೇಣಿಯೂ ನಕ್ಕಳು. ಶ್ರೀಧರನ ಕಿವಿ ಕೆಂಪಾದದ್ದು ನನ್ನ ಬೆಂಚಿನಿಂದ ಕಾಣುತ್ತಿತ್ತು.

ಅಪ್ಪ ಡಿಪೋಗೆ ಹೋಗುವ ದಾರಿಯಲ್ಲಿ ನನ್ನನ್ನು ಬಿಡುತ್ತಿದ್ದರಿಂದ ಎಲ್ಲರಿಗಿಂತ ಮುಂಚೆ ನಾನು ಸ್ಕೂಲಿನಲ್ಲಿರುತ್ತಿದ್ದೆ. ಮರುದಿನ ಕ್ಲಾಸಿನ ಬಾಗಿಲು ತಳ್ಳಿದರೆ ಶ್ರೀಧರ ಸೀಮೆಸುಣ್ಣ ಹಿಡಿದು ಕರಿಹಲಗೆಯ ಮುಂದೆ ನಿಂತಿದ್ದ. ಹಲಗೆಯ ತುಂಬ ಒಂದು ದೊಡ್ಡ ಹೃದಯ, ಅದಕ್ಕೊಂದು ಬಾಣ. ಒಳಗೆ ‘ನಾಗವೇಣಿ + ರಘು’. ರಘು ಅಂದರೆ ಹಿಂದಿನ ಬೆಂಚಿನ ದಪ್ಪ ಹುಡುಗ. ತನ್ನ ಪಾಡಿಗೆ ತಾನಿರುವವನು.

ಶ್ರೀಧರ ನನ್ನನ್ನು ನೋಡಿ ಬೆಚ್ಚಿದ. ಆಮೇಲೆ ಮೆಲ್ಲಗೆ, “ವಸುಧಾ, ಯಾರ್ಗೂ ಹೇಳ್ಬೇಡ ಕಣೆ. ಸುಮ್ನೆ ತಮಾಷೆಗೆ. ಆಮೇಲೆ ಅಳಿಸ್ಬಿಡ್ತೀನಿ,” ಎಂದ.

ಆರು ತಿಂಗಳಲ್ಲಿ ಆ ಕ್ಲಾಸಿನ ಹುಡುಗನೊಬ್ಬ ನನ್ನ ಹೆಸರು ಹಿಡಿದು ಕರೆದದ್ದು ಅದೇ ಮೊದಲು. ಅವನಿಗೆ ನನ್ನ ಹೆಸರು ಗೊತ್ತಿತ್ತು. ನಾನು ಹೂಂ ಎಂದು ತಲೆಯಾಡಿಸಿ ನನ್ನ ಜಾಗಕ್ಕೆ ಹೋಗಿ ಕೂತೆ. ಡಸ್ಟರ್ ಮೇಜಿನ ಮೇಲೇ ಇತ್ತು, ನಾಲ್ಕು ಹೆಜ್ಜೆ. ಎದ್ದು ಒರೆಸಬಹುದಿತ್ತು. ಒರೆಸಲಿಲ್ಲ. ನನಗೂ ಈ ಕ್ಲಾಸಿನಲ್ಲಿ ಒಂದು ಪಾಲು ಸಿಕ್ಕಿತು, ಒಂದು ಗುಟ್ಟು ನನ್ನನ್ನೂ ಸೇರಿಸಿಕೊಂಡಿತು ಎನ್ನಿಸಿತ್ತು. ಸಂತೋಷವೇ ಆಗಿತ್ತು. ಇದನ್ನು ಹೇಳದೆ ಉಳಿದದ್ದನ್ನು ಹೇಳಿ ಪ್ರಯೋಜನವಿಲ್ಲ.

ಅವನು ಅಳಿಸಲಿಲ್ಲ. ಹುಡುಗರು ಒಬ್ಬೊಬ್ಬರೇ ಬಂದು, ನೋಡಿ, ನಕ್ಕು, ಕಾಯುತ್ತಾ ಕೂತರು. ನಾಗವೇಣಿ ಬಂದಳು. ಹಲಗೆಯ ಮುಂದೆ ನಿಂತು ಓದಿದಳು. ರಘು ಏನು ಮಾಡಬೇಕೋ ತೋಚದೆ ಹಲ್ಲುಬಿಟ್ಟು ನಗುತ್ತಿದ್ದ. ಅವನೇ ಬರೆದದ್ದೆಂದು ಅವಳು ತಿಳಿದಳು. ಮೇಜಿನ ಮೇಲಿದ್ದ ಡಸ್ಟರನ್ನು ಎತ್ತಿಕೊಂಡು ಹಿಂದಿನ ಬೆಂಚಿನವರೆಗೆ ನಡೆದುಹೋಗಿ ಅವನ ಹಣೆಗೆ ಹೊಡೆದಳು. ಮರದ ಕಡೆಯಿಂದ ಬಿತ್ತು. ಹುಬ್ಬಿನ ಮೇಲಿನಿಂದ ರಕ್ತ ಇಳಿದು ಬಿಳಿ ಅಂಗಿಯ ಮೇಲೆ ತೊಟ್ಟಿಕ್ಕಿತು.

ಕೆಂಚಯ್ಯನವರು ಬಂದರು. ರಘುವನ್ನು ಡಾಕ್ಟರ ಹತ್ತಿರ ಕಳಿಸಿ, ಎಲ್ಲರನ್ನೂ ನಿಲ್ಲಿಸಿ, “ಬರ್ದಿದ್ದು ಯಾರು?” ಎಂದು ಕೇಳಿದರು. ಯಾರೂ ಬಾಯಿಬಿಡಲಿಲ್ಲ. ಅವರು ನನ್ನ ಬೆಂಚಿನ ಹತ್ತಿರ ಬಂದರು. ಅವರ ಪಕ್ಕದಲ್ಲಿ ಹಾಜರಿ ಪುಸ್ತಕ ಹಿಡಿದು ಶ್ರೀಧರ ನಿಂತಿದ್ದ.

“ನೀನು ಬೇಗ ಬರ್ತೀಯಲ್ಲಮ್ಮಾ. ಯಾರು ಬರ್ದಿದ್ದು, ನೋಡಿದ್ಯಾ?”

“ಇಲ್ಲ ಸಾರ್. ನಾನ್ ಬರೋಷ್ಟ್ರಲ್ಲಿ ಬರ್ದಿತ್ತು.”

ಅವರು ಕೂಡಲೇ ಹೋಗಲಿಲ್ಲ. ನಾನು ನೆಲ ನೋಡುತ್ತಾ ಇದ್ದೆ. ಪಕ್ಕದಲ್ಲಿ ನಾಗವೇಣಿ ಇನ್ನೂ ಏದುಸಿರು ಬಿಡುತ್ತಿದ್ದಳು. ಅವಳ ಕೈ ನನ್ನ ಕೈ ಹಿಡಿದುಕೊಂಡಿತ್ತು.

ಮರುದಿನ ಅವಳ ಸೋದರಮಾವ ಬಂದ. ಕಟ್ಟಡದ ಮೇಸ್ತ್ರಿ, ಉಗುರುಗಳಲ್ಲಿ ಸಿಮೆಂಟು. ನಾನು ಹೆಡ್ಮಾಸ್ಟರ ಕೋಣೆಯ ಹೊರಗೆ, ಕಂಬದ ಮರೆಯಲ್ಲಿ ನಿಂತಿದ್ದೆ. ಕೆಂಚಯ್ಯನವರು, ಮಕ್ಕಳ ಜಗಳ, ರಘುವಿನ ತಂದೆಗೆ ನಾನು ಸಮಾಧಾನ ಹೇಳುತ್ತೇನೆ, ಹುಡುಗಿ ಬಹಳ ಚೆನ್ನಾಗಿ ಓದುತ್ತಾಳೆ ಎಂದು ಹೇಳುತ್ತಿದ್ದರು.

“ಹೊಡ್ದಿದ್ಕಲ್ಲ ಸ್ವಾಮಿ,” ಎಂದ ಮಾವ. “ಹೊಡ್ದಿದ್ದು ಸರೀಗೇ ಅದೆ. ಬರ್ದೋನು ಯಾರು, ಅದು ಹೇಳಿ. ಇಂಥೋನು, ಹೊಟ್ಟೆಕಿಚ್ಚಿಗೆ ಬರ್ದ ಅಂದ್ರೆ ನಾನು ಸುಮ್ಕೆ ಎದ್ದೋಯ್ತೀನಿ. ಯಾರೂ ಬರ್ದಿಲ್ಲ ಅಂದ್ರೆ ಜನ ಏನಂತಾರೆ? ಏನೋ ಇತ್ತು, ಅದಕ್ಕೇ ಬರ್ದವ್ರೆ ಅಂತಾರೆ. ತಂದೆ ಇಲ್ದಿರೋ ಹುಡ್ಗಿ. ನಾಳೆ ನಮ್ಮಕ್ಕಂಗೆ ನಾನೇನ್ ಉತ್ರ ಕೊಡ್ಲಿ?”

ಹೆಡ್ಮಾಸ್ಟರ ಹತ್ತಿರ ಉತ್ತರವಿರಲಿಲ್ಲ. ಇದ್ದದ್ದು ನನ್ನ ಹತ್ತಿರ. ಬಾಗಿಲು ಎರಡು ಮಾರು ದೂರ. ಕಂಬಕ್ಕೆ ಅಂಟಿಸಿದ ಹಾಗೆ ನಿಂತುಬಿಟ್ಟೆ.

ಸ್ವಲ್ಪ ಹೊತ್ತಿಗೆ ನಾಗವೇಣಿ ಬ್ಯಾಗು ಹಾಕಿಕೊಂಡು ಬಂದಳು. ಅತ್ತಿರಲಿಲ್ಲ. ಮಾವ ಗೇಟಿನ ಕಡೆ ನಡೆಯುತ್ತಿದ್ದ. ಅವಳು ನನ್ನ ಹತ್ತಿರ ನಿಂತು ಕೊರಳಿನ ಕಪ್ಪು ದಾರವನ್ನು ತಲೆಯ ಮೇಲಿಂದ ತೆಗೆದು ನನ್ನ ಕೈಗೆ ಹಾಕಿದಳು.

“ತಗೋ. ಒಂದೇ ಇರೋದು, ಕಳ್ದಾಕ್ಬ್ಯಾಡ. ಮಾವಂಗೆ ಕ್ವಾಪ ಇಳ್ದ್ ಮ್ಯಾಕೆ ಬತ್ತೀನಿ. ಸೋಮವಾರ್ದ್ ಹೊತ್ಗೆ ಬಂದ್ಬುಡ್ತೀನಿ ನೋಡು.” ಎರಡು ಹೆಜ್ಜೆ ಹೋಗಿ ತಿರುಗಿ, “ನೀರ್ ಕುಡಿ,” ಎಂದಳು.

ಸೋಮವಾರ ಬರಲಿಲ್ಲ. ಅದರ ಮುಂದಿನ ಸೋಮವಾರವೂ ಬರಲಿಲ್ಲ. ಹಾಜರಿ ಕೂಗುವಾಗ ಅರವತ್ತೊಂದು ಹುಡುಗರಾದ ಮೇಲೆ ನನ್ನ ಹೆಸರು, ಅದಾದ ಮೇಲೆ ಅವಳದು. ಮೇಷ್ಟ್ರು “ನಾಗವೇಣಿ” ಎಂದು ನನ್ನ ಕಡೆ ನೋಡುತ್ತಿದ್ದರು. “ಬಂದಿಲ್ಲ ಸಾರ್,” ಎಂದು ಹೇಳುವುದು ನನ್ನ ಕೆಲಸವಾಯಿತು. ಶ್ರೀಧರ ಮತ್ತೆ ನನ್ನ ಜೊತೆ ಮಾತಾಡಲಿಲ್ಲ. ಎದುರು ಬಂದರೆ ಬೇರೆ ಬಾಗಿಲಿಂದ ಹೋಗುತ್ತಿದ್ದ. ನಾನು ಪಾಲು ಎಂದುಕೊಂಡದ್ದು ಅಷ್ಟೇ ಆಗಿತ್ತು. ಮಧ್ಯಾಹ್ನ ವರಾಂಡದಲ್ಲಿ ಕೂರಲಾಗದೆ ಕ್ಲಾಸಿನೊಳಗೇ ಊಟ ಮಾಡುತ್ತಿದ್ದೆ. ಹೊರಗೆ ಕುಂಟೆಬಿಲ್ಲೆಯ ಮನೆಗಳು ನೆಲದ ಮೇಲೆ ಕೆಲವು ದಿನ ಉಳಿದಿದ್ದು, ಗುಡಿಸಿ ಗುಡಿಸಿ ಅಳಿಸಿಹೋದವು. ಮೊದಲೂ ಒಂಟಿಯಾಗಿದ್ದೆ, ಆದರೆ ಆಗ ಅದು ಬೇರೆಯವರು ನನಗೆ ಮಾಡಿದ್ದಾಗಿತ್ತು. ಈ ಸಲದ್ದು ನಾನೇ ಮಾಡಿಕೊಂಡದ್ದು.

ಫೆಬ್ರವರಿಯಲ್ಲಿ ಒಂದು ಮಧ್ಯಾಹ್ನ ಹೆಡ್ಮಾಸ್ಟರಿಗೆ ಹೇಳಿಬಿಡಬೇಕೆಂದು ಹೋದೆ. ದಾರಿಯುದ್ದಕ್ಕೂ ವಾಕ್ಯ ಜೋಡಿಸಿಕೊಂಡಿದ್ದೆ. ಕೆಂಚಯ್ಯನವರು ಏನೋ ಬರೆಯುತ್ತಿದ್ದರು. “ಏನಮ್ಮಾ?” ಎಂದು ತಲೆಯೆತ್ತಿದರು.

“ಬೀಗದ ಕೈ ಕಳ್ದಿಲ್ಲ ಸಾರ್. ನನ್ ಹತ್ರನೇ ಇದೆ.”

ಅವರು ಕನ್ನಡಕ ತೆಗೆದು ನನ್ನನ್ನು ನೋಡಿದರು. “ಅದನ್ನ ಹೇಳೋಕೆ ಬಂದ್ಯಾ?”

“ಹೂಂ ಸಾರ್.”

“ಸರಿ,” ಎಂದರು. ಇನ್ನೂ ಸ್ವಲ್ಪ ಹೊತ್ತು ಕಾದರು. ನಾನು ತಿರುಗಿ ಬಂದುಬಿಟ್ಟೆ. ಮಾರ್ಚಿನ ಹಾಜರಿ ಪುಸ್ತಕದಲ್ಲಿ ಅವಳ ಹೆಸರಿರಲಿಲ್ಲ. ನನ್ನ ಹೆಸರಿಗೇ ಪುಸ್ತಕ ಮುಚ್ಚುತ್ತಿದ್ದರು.

ಬೇಸಿಗೆ ರಜೆಯಲ್ಲಿ ಒಂದು ಬೆಳಿಗ್ಗೆ ಅಮ್ಮನ ಜೊತೆ ಗಾಂಧಿ ಬಜಾರಿಗೆ ಹೋಗಿದ್ದೆ. ಹೂವಿನವರ ಸಾಲು ಮುಗಿಯುವ ಕಡೆ ಗೋಣಿಚೀಲ ಹಾಸಿಕೊಂಡು ಕೂತಿದ್ದ ಹೆಂಗಸು ಸೊಪ್ಪಿಗೆ ನೀರು ಚಿಮುಕಿಸುವುದನ್ನು ನಿಲ್ಲಿಸಿ ನನ್ನನ್ನು ನೋಡಿದಳು. ನಾಗವೇಣಿಯದೇ ಕಣ್ಣು. ಸ್ಕೂಲಿನ ಗೇಟಿನ ಹತ್ತಿರ ಒಂದೆರಡು ಸಲ ನಮ್ಮಿಬ್ಬರನ್ನೂ ಒಟ್ಟಿಗೆ ಕಂಡಿದ್ದಳು.

“ನೀನು ನಮ್ ನಾಗೂ ಫ್ರೆಂಡಲ್ವಾ ಮಗಾ?”

ನಾಗವೇಣಿ ಹಳ್ಳಿಯಲ್ಲಿ ಅಜ್ಜಿಯ ಜೊತೆ ಇದ್ದಾಳೆಂದಳು. ಅಲ್ಲಿಂದ ಹೈಸ್ಕೂಲು ದೂರ, ಓದು ಬಿಡಿಸಿಯಾಗಿದೆ. ಮಾವ ಗಂಡು ನೋಡುತ್ತಿದ್ದಾನೆ. ಹೇಳುತ್ತಲೇ ಅವಳ ಕೈ ದಂಟಿನ ಸೊಪ್ಪಿನ ಎರಡು ಕಟ್ಟು ಎತ್ತಿ ನಮ್ಮ ಚೀಲಕ್ಕೆ ತುರುಕಿತು. ಅಮ್ಮ ಬೇಡ ಬೇಡವೆಂದರೂ ಕೇಳಲಿಲ್ಲ.

“ಇರ್ಲಿ ಕಣಕ್ಕಾ, ನಿಮ್ ಮಗಳ್ಗಲ್ವಾ. ಅಲ್ಲಿ ಕುಂತ್ಕೊಂಡೂ ನಾಗೂಗೆ ಇವ್ಳದೇ ಮಾತು. ಅವತ್ತು ಇಸ್ಕೂಲ್ನಾಗೆ ಎಲ್ಲಾ ನನ್ ಮ್ಯಾಲೆ ಬಿದ್ರು ಕಣವ್ವಾ, ವಸುಧಾ ಒಬ್ಳೇ ನನ್ ಕಡೆಗಿದ್ದಿದ್ದು ಅಂತಾಳೆ.”

ನಾನು ಹೂವಿನವರ ಕಡೆ ಮುಖ ತಿರುಗಿಸಿದೆ. ದಾರಿಯುದ್ದಕ್ಕೂ ಅಮ್ಮ, ಎಂಥ ಒಳ್ಳೇ ಜನ ಎನ್ನುತ್ತಾ ಬಂದಳು. ಅವತ್ತು ಮಸ್ಸೊಪ್ಪು ಮಾಡಿದಳು. ತಟ್ಟೆಯಲ್ಲಿ ಬಿಟ್ಟರೆ ಯಾಕೆಂದು ಕೇಳುತ್ತಾಳೆಂದು ಪೂರ್ತಿ ತಿಂದೆ.

ಮುಂದಿನ ವಾರ ಒಬ್ಬಳೇ ಗಾಂಧಿ ಬಜಾರಿಗೆ ಹೋದೆ, ಹಳ್ಳಿಯ ಹೆಸರು ಕೇಳಿಕೊಂಡು ಕಾಗದ ಬರೆಯೋಣವೆಂದು. ಆ ಜಾಗದಲ್ಲಿ ನಿಂಬೆಹಣ್ಣಿನವನು ಕೂತಿದ್ದ. ಸೊಪ್ಪಿನವಳು ಎಲ್ಲಿಗೆ ಹೋದಳೋ ಅವನಿಗೆ ಗೊತ್ತಿರಲಿಲ್ಲ. ಗುಟ್ಟಹಳ್ಳಿಯ ಗಲ್ಲಿಗಳಲ್ಲಿ ಎರಡು ಸಂಜೆ ಅಲೆದೆ. ಮೇಸ್ತ್ರಿಯ ಹೆಸರೇ ನನಗೆ ತಿಳಿದಿರಲಿಲ್ಲ.

ಶ್ರೀಧರ ಹತ್ತು ವರ್ಷದ ಹಿಂದೆ ಬಸವನಗುಡಿಯ ಒಂದು ಮದುವೆಯಲ್ಲಿ ಸಿಕ್ಕಿದ. ಕೂದಲು ಉದುರಿತ್ತು, ಒಳ್ಳೆಯ ಮನುಷ್ಯನಾಗಿದ್ದ, ಹೆಂಡತಿಗೆ ನನ್ನನ್ನು ಪರಿಚಯ ಮಾಡಿಸಿದ. ಎಲೆ ಹಾಕುವುದು ತಡವಾಗಿತ್ತು, ಮಾತಿಗೆ ಮಾತು ಬಂದು ಅವನೇ ಕೇಳಿದ.

“ಇನ್ನೊಬ್ಳು ಇದ್ಲಲ್ಲಾ, ನಾಗವೇಣಿ ಅಂತ. ಬಾಯಿಲೆಕ್ಕದಲ್ಲಿ ಎಕ್ಸ್‌ಪರ್ಟು. ಏನಾದ್ಲು ಅವ್ಳು?”

“ಆವತ್ತು ಬೋರ್ಡ್ ಮೇಲೆ ಬರ್ದಿದ್ಯಲ್ಲಾ, ಅದಾದ್ಮೇಲೆ ಸ್ಕೂಲ್ ಬಿಟ್ಲು.”

“ನಾನಾ? ನಾನೇನ್ ಬರ್ದೆ?” ಅವನು ನಿಜವಾಗಿಯೂ ಯೋಚಿಸಿದ. ಅವನ ಮುಖದಲ್ಲಿ ನಾಟಕವಿರಲಿಲ್ಲ. “ಇಲ್ಲಪ್ಪಾ, ನಂಗೊಂದೂ ನೆನಪಿಲ್ಲ,” ಎಂದು ನಕ್ಕ. ಅಷ್ಟರಲ್ಲಿ ಊಟಕ್ಕೆ ಕರೆದರು. ಕೆಂಚಯ್ಯನವರು ಆ ಹೊತ್ತಿಗಾಗಲೇ ತೀರಿಕೊಂಡಿದ್ದರು. ಆ ಬೆಳಿಗ್ಗೆ ಹಲಗೆಯ ಮೇಲೆ ಬರೆದವರು ಯಾರೆಂದು ಬಲ್ಲವಳು ಈಗ ನಾನೊಬ್ಬಳೇ.

ಕಳೆದ ವರ್ಷ ಚಾಮರಾಜಪೇಟೆಯಲ್ಲಿ ಏನೋ ಕೆಲಸವಿತ್ತು. ಸಂಜೆ ಸ್ಕೂಲು ಬಿಡುವ ಹೊತ್ತಿಗೆ ಗೇಟಿನ ಮುಂದೆ ಹಾದುಹೋಗುತ್ತಿದ್ದೆ. ಮೈದಾನದ ಅರ್ಧದಲ್ಲಿ ಹೊಸ ಕಟ್ಟಡ ಎದ್ದಿದೆ, ಕಲ್ಲಿನ ಗೋಡೆಗಳಿಗೆ ಹಳದಿ ಬಣ್ಣ ಬಳಿದಿದ್ದಾರೆ. ಕರೆಂಟಿನ ಬೆಲ್ಲು ಗೊರ್ರೆಂದಿತು, ಅದು ಗೇಟಿನಾಚೆಗೂ ಸರಿಯಾಗಿ ಕೇಳಿಸಲಿಲ್ಲ. ಆಮೇಲೆ ಮಕ್ಕಳು ನುಗ್ಗಿ ಬಂದರು. ಹುಡುಗರಿಗಿಂತ ಹುಡುಗಿಯರೇ ಹೆಚ್ಚು. ನೀಲಿ ಚೂಡಿದಾರ, ಬಿಳಿ ದುಪಟ್ಟಾ. ಇಬ್ಬಿಬ್ಬರು, ಮೂರ್ಮೂರು ಜನ ಕೈಕೈ ಹಿಡಿದು, ಕಿರುಚುತ್ತಾ, ಒಬ್ಬರ ಮೇಲೊಬ್ಬರು ಬೀಳುತ್ತಾ. ರಸ್ತೆ ತುಂಬಿಹೋಯಿತು. ನಾನು ಗೋಡೆಗೆ ಒರಗಿ ನಿಂತೆ. ಅಷ್ಟು ಹುಡುಗಿಯರು ಆ ಗೇಟಿನಿಂದ ಹೊರಬರುವುದನ್ನು ನಾನು ಕನಸಿನಲ್ಲೂ ನೆನೆದವಳಲ್ಲ. ಅದನ್ನು ನೋಡಬೇಕಾದವಳು ನನ್ನ ಪಕ್ಕದಲ್ಲಿರಲಿಲ್ಲ. ಎಲ್ಲಿದ್ದಾಳೋ, ಅವಳಿಗೆ ಹೆಣ್ಣುಮಕ್ಕಳಿದ್ದಾರೋ, ಅವರನ್ನು ಓದಿಸಿದಳೋ, ನನಗೆ ಗೊತ್ತಿಲ್ಲ.

ರಸ್ತೆ ನಿಧಾನವಾಗಿ ಖಾಲಿಯಾಯಿತು. ಎಲ್ಲರೂ ಹೋದ ಮೇಲೂ ನಿಂತೇ ಇದ್ದವಳನ್ನು ಕಂಡು ಕೊನೆಗೆ ಬಂದ ಹುಡುಗಿಯೊಬ್ಬಳು ನಿಂತಳು.

“ಯಾರನ್ನ ಕರ್ಕೊಂಡ್ ಹೋಗಕ್ಕೆ ಬಂದಿದೀರಾ ಆಂಟಿ? ಹೆಸ್ರು ಹೇಳಿ, ಒಳಗಿದ್ರೆ ಕರೀತೀನಿ.”

ಹೆಸರು ಬಾಯಿಯ ತನಕ ಬಂದಿತ್ತು.

“ಯಾರೂ ಇಲ್ಲ ಕಣಮ್ಮಾ,” ಎಂದೆ. ಅವಳು ಒಂದು ಕ್ಷಣ ನನ್ನ ಮುಖ ನೋಡಿ, ಬ್ಯಾಗನ್ನು ಹೆಗಲಿಗೆ ಸರಿಮಾಡಿಕೊಂಡು, ಮುಂದೆ ಹೋಗುತ್ತಿದ್ದ ತನ್ನ ಗೆಳತಿಯನ್ನು ಕೂಗುತ್ತಾ ಓಡಿದಳು.